ಗಿರಾಕಿಯ ಅಳುಕಿನಿಂದ ಶುರು ಮಾಡಿ: ಆನ್‌ಲೈನ್‌ನಲ್ಲಿ ಸಣ್ಣ ವ್ಯಾಪಾರಕ್ಕೊಂದು ಹೆಸರು

(ಸಣ್ಣ ವ್ಯಾಪಾರಸ್ಥರ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಬಿಟ್ಟಿದ್ದೇನೆ. ಕೊನೆಯ ಪ್ರಶ್ನೋತ್ತರದಲ್ಲಿ ಹೆಚ್ಚು ಜನರಿಗೆ ಉಪಯೋಗವಾಗುವಂಥವನ್ನು ಮಾತ್ರ ಇಟ್ಟುಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬ್ರ್ಯಾಂಡ್ ಎಂದ ಕೂಡಲೇ ಮಾತು ಲೋಗೊ ಕಡೆಗೆ ತಿರುಗುತ್ತದೆ. ಯಾವ ಬಣ್ಣ, ಯಾವ ಅಕ್ಷರ, ಯಾರ ಕೈಲಿ ಮಾಡಿಸುವುದು, ಎಷ್ಟು ಖರ್ಚು. ಲೋಗೊ ವಿಷಯಕ್ಕೆ ಆಮೇಲೆ ಬರುತ್ತೇನೆ, ಅದಕ್ಕೆ ಹೆಚ್ಚು ಹೊತ್ತೂ ಬೇಡ. ಮೊದಲು ಗಿರಾಕಿಯನ್ನು ನೋಡೋಣ. ಅದರಲ್ಲೂ ನಮ್ಮ ಕಣ್ಣಿಗೆ ಬೀಳದೆ ಬಂದು ಹೋಗುವ ಗಿರಾಕಿಯನ್ನು.

ಒಬ್ಬರಿಗೆ ಚರ್ಮದ ಚೀಲವೊಂದು ಬೇಕಾಗಿದೆ ಅಂದುಕೊಳ್ಳಿ. ಕೈಯಲ್ಲಿ ಹೊಲಿದದ್ದು, ದಿನಾ ಕೆಲಸಕ್ಕೆ ಹೆಗಲಿಗೆ ಹಾಕಿಕೊಂಡು ಹೋಗುವಂಥದ್ದು. ಮೊಬೈಲಿನಲ್ಲಿ ಹುಡುಕುತ್ತಾ ನಿಮ್ಮ ಪುಟಕ್ಕೆ ಬಂದರು. ಚೀಲ ಮನಸ್ಸಿಗೆ ಹಿಡಿಸಿತು. ಬೆಲೆಯೂ ಪರವಾಗಿಲ್ಲ ಅನ್ನಿಸಿತು. ಹೆಬ್ಬೆರಳು ಹಣ ಕಟ್ಟುವ ಬಟನ್ ತನಕ ಹೋಯಿತು, ಅಲ್ಲೇ ನಿಂತಿತು. ಇವರು ನಿಜಕ್ಕೂ ಇದ್ದಾರಾ? ಚಿತ್ರದಲ್ಲಿರುವ ಚೀಲವೇ ಬರುತ್ತದಾ? ಜಿಪ್ ಕಿತ್ತುಹೋದರೆ ಯಾರನ್ನು ಕೇಳುವುದು? ಪುಟದ ಕೆಳತುದಿಗೆ ಹೋಗಿ ಫೋನ್ ನಂಬರ್ ಇದೆಯಾ ಅಂತ ನೋಡಿದರು. ಒಂದು ಫಾರ್ಮ್ ಬಿಟ್ಟರೆ ಏನೂ ಇರಲಿಲ್ಲ. ಇನ್‌ಸ್ಟಾಗ್ರಾಮಿಗೆ ಹೋದರು. ಕೊನೆಯ ಪೋಸ್ಟ್ ಹಾಕಿ ಒಂದೂವರೆ ವರ್ಷವಾಗಿತ್ತು. "ಆಮೇಲೆ ನೋಡೋಣ" ಅಂದುಕೊಂಡು ಮೊಬೈಲ್ ಪಕ್ಕಕ್ಕಿಟ್ಟರು.

ಎದುರಿಗೇ ಇರುವ ಅಂಗಡಿಯಾದರೆ, ಬಂದವರು ಸರಕು ಮುಟ್ಟಿ ನೋಡಿ ಕೊಳ್ಳದೆ ಹೊರಟಾಗ ನಮಗೆ ಗೊತ್ತಾಗುತ್ತದೆ. ಮುಖ ನೋಡಿದರೇ ತಿಳಿಯುತ್ತದೆ. "ಯಾಕೆ, ಬಣ್ಣ ಇಷ್ಟವಾಗಲಿಲ್ಲವಾ?" ಅಂತ ಕೇಳಬಹುದು, ಇನ್ನೊಂದನ್ನು ತೆಗೆದು ತೋರಿಸಬಹುದು. ಆನ್‌ಲೈನ್‌ನಲ್ಲಿ ಹಾಗೆ ಹೊರಟುಹೋದವರ ಸುಳಿವೇ ಸಿಗುವುದಿಲ್ಲ. ಹಾಗಾಗಿ ನಾವು ಬೆಲೆ ಜಾಸ್ತಿಯಾಯಿತೇನೋ, ಜಾಹೀರಾತು ಸಾಲದೇನೋ ಅಂತ ಊಹೆ ಮಾಡಿಕೊಂಡು ಅದರ ಮೇಲೆ ದುಡ್ಡು ಸುರಿಯುತ್ತೇವೆ. ನಿಜವಾದ ಕಾರಣ ಬಹಳಷ್ಟು ಸಲ ಆ ಅಳುಕು. ಸಣ್ಣ ವ್ಯಾಪಾರಕ್ಕೆ ಬ್ರ್ಯಾಂಡ್ ಮಾಡಿಕೊಡಬೇಕಾದ ಮೊದಲ ಕೆಲಸ ಆ ಅಳುಕನ್ನು ಇಳಿಸುವುದು. ಇವತ್ತು ನಾನು ಹೇಳುವುದೆಲ್ಲ ಈ ಒಂದು ಮಾತಿನ ಸುತ್ತಲೇ ಇದೆ.

ಇದು ಇಂಟರ್ನೆಟ್ ಹುಟ್ಟಿಸಿದ ಸಮಸ್ಯೆಯಲ್ಲ. 1970ರಲ್ಲಿ ಜಾರ್ಜ್ ಅಕರ್ಲಾಫ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು ಹಳೆಯ ಕಾರುಗಳ ಮಾರುಕಟ್ಟೆಯನ್ನು ಉದಾಹರಣೆಯಾಗಿ ಇಟ್ಟುಕೊಂಡು ಒಂದು ಪ್ರಬಂಧ ಬರೆದರು. ಕಾರು ಹೇಗಿದೆ ಅನ್ನುವುದು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಗೊತ್ತಿಲ್ಲದವನು ಒಳ್ಳೆಯ ಕಾರಿಗೂ ಒಳ್ಳೆಯ ಬೆಲೆ ಕೊಡಲು ಹಿಂದೇಟು ಹಾಕುತ್ತಾನೆ. ಆಗ ಒಳ್ಳೆಯ ಕಾರು ಇಟ್ಟುಕೊಂಡವರು ಈ ಬೆಲೆಗೆ ಮಾರುವುದಿಲ್ಲ ಅಂತ ಹಿಂದೆ ಸರಿಯುತ್ತಾರೆ. ಉಳಿಯುವುದು ಕೆಟ್ಟ ಮಾಲು. ಮುಂದೆ 2001ರಲ್ಲಿ ಒಬ್ಬರಿಗೆ ಗೊತ್ತಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲದ ಈ ಮಾಹಿತಿಯ ಅಸಮತೆಯ ಬಗೆಗಿನ ಕೆಲಸಕ್ಕಾಗಿ ಅವರೂ ಇನ್ನಿಬ್ಬರೂ ನೊಬೆಲ್ ಹಂಚಿಕೊಂಡರು. ಆ ಪ್ರಬಂಧದ ಕೊನೆಯಲ್ಲಿ ಈ ಕಾಯಿಲೆಗೆ ಕೆಲವು ಮದ್ದುಗಳನ್ನೂ ಹೇಳಿದ್ದಾರೆ. ಒಂದು ಗ್ಯಾರಂಟಿ, ಇನ್ನೊಂದು ಬ್ರ್ಯಾಂಡ್ ಹೆಸರು. ಹೆಸರಿಗೆ ಆ ಶಕ್ತಿ ಯಾಕೆ ಬರುತ್ತದೆ ಅಂದರೆ, ಮಾಲು ಕೈಕೊಟ್ಟರೆ ಗಿರಾಕಿ ಆ ಹೆಸರನ್ನು ನೆನಪಿಟ್ಟುಕೊಂಡು ಮತ್ತೆ ಅದರ ತಂಟೆಗೆ ಹೋಗದಿರಬಹುದು. ಅಂದರೆ ಹೆಸರಿಟ್ಟು ಮಾರುವವನು ತನ್ನ ಜುಟ್ಟನ್ನು ತಾನೇ ಗಿರಾಕಿಯ ಕೈಗೆ ಕೊಟ್ಟಂತಾಯಿತು. ಜುಟ್ಟು ಕೈಯಲ್ಲಿದೆ ಅನ್ನುವ ಕಾರಣಕ್ಕೇ ಗಿರಾಕಿ ಧೈರ್ಯವಾಗಿ ಹಣ ಕೊಡುತ್ತಾನೆ.

ಹದಿನೆಂಟನೇ ಶತಮಾನದ ಇಂಗ್ಲೆಂಡಿನಲ್ಲಿ ಜೊಸೈಯಾ ವೆಡ್ಜ್‌ವುಡ್ ಎಂಬ ಕುಂಬಾರಿಕೆ ಉದ್ಯಮಿ ಇದನ್ನು ಚೆನ್ನಾಗಿ ಅರಿತಿದ್ದರು. ಪಾತ್ರೆ ಸುಡುವ ಮೊದಲೇ ಹಸಿ ಮಣ್ಣಿನ ಮೇಲೆ ತಮ್ಮ ಹೆಸರನ್ನು ಒತ್ತುತ್ತಿದ್ದರು. ಹಿಡಿಸದಿದ್ದರೆ ವಾಪಸ್ ಕಳಿಸಿ ಅಂತ ಗಿರಾಕಿಗಳಿಗೆ ಹೇಳುತ್ತಿದ್ದರು. ಕಣ್ಣಿಗೆ ಕಾಣದ ದೂರದ ಕೊಳ್ಳುವವರಿಗೆ ಸರಕು ಕಳಿಸುವವರಿಗೆ ಆಗಲೂ ಬೇಕಾಗಿದ್ದದ್ದು ಈ ಎರಡೇ: ಯಾರು ಮಾಡಿದ್ದು ಅನ್ನುವ ಗುರುತು, ಕೆಟ್ಟರೆ ಏನು ಗತಿ ಅನ್ನುವುದಕ್ಕೆ ಉತ್ತರ.

ಈಗ ನಮ್ಮ ಕಾಲಕ್ಕೆ ಬರೋಣ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಮೈಕೆಲ್ ಲೂಕಾ 2011ರಲ್ಲಿ ಒಂದು ಅಧ್ಯಯನ ಹೊರತಂದರು. ಸಿಯಾಟಲ್ ನಗರದ ರೆಸ್ಟೊರೆಂಟುಗಳ ಆದಾಯವನ್ನೂ ಗಿರಾಕಿಗಳು ರಿವ್ಯೂ ಬರೆಯುವ ಯೆಲ್ಪ್ ತಾಣದಲ್ಲಿ ಅವಕ್ಕೆ ಬಿದ್ದ ಸ್ಟಾರ್‌ಗಳನ್ನೂ ಜೋಡಿಸಿ ನೋಡಿದರು. ಒಂದು ಸ್ಟಾರ್ ಹೆಚ್ಚಾದರೆ ಆದಾಯ ಶೇ. 5ರಿಂದ 9ರಷ್ಟು ಏರುತ್ತದೆ ಅನ್ನುವುದು ಅವರ ಲೆಕ್ಕ. ಈ ಅಂಕಿಯನ್ನು ಎಲ್ಲರೂ ಹೇಳುತ್ತಾರೆ. ಆದರೆ ಅದೇ ಅಧ್ಯಯನದ ಇನ್ನೊಂದು ಭಾಗವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ, ನಮಗೆ ಬೇಕಾದದ್ದು ಅದೇ. ಈ ಏರಿಕೆ ಕಂಡದ್ದು ಸ್ವತಂತ್ರವಾಗಿ ನಡೆಯುವ ರೆಸ್ಟೊರೆಂಟುಗಳಲ್ಲಿ. ದೊಡ್ಡ ಚೈನ್‌ಗಳಿಗೆ ಸ್ಟಾರ್ ಏರಿದರೂ ಇಳಿದರೂ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ. ಚೈನ್‌ನ ಹೆಸರು ಎಲ್ಲರಿಗೂ ಮೊದಲೇ ಗೊತ್ತು, ಅಲ್ಲಿ ಏನು ಸಿಗುತ್ತದೆ ಅನ್ನುವುದೂ ಗೊತ್ತು, ಹಾಗಾಗಿ ಅಳುಕಿಗೆ ಜಾಗವಿಲ್ಲ. ಹೆಸರಿಲ್ಲದವರ ವಿಷಯದಲ್ಲಿ ಬೇರೆಯವರ ಅನುಭವವೇ ಆಧಾರ. ದೊಡ್ಡ ಕಂಪನಿಗಳು ಮಾಡುವುದನ್ನೇ ಚಿಕ್ಕದಾಗಿ ನಾವೂ ಮಾಡಿದರಾಯಿತು ಅನ್ನುವವರಿಗೆ ನಾನು ಈ ಅಧ್ಯಯನವನ್ನು ತೋರಿಸುತ್ತೇನೆ. ಅವರಿಗಿರುವ ಸಮಸ್ಯೆಯೇ ಬೇರೆ, ನಮ್ಮದೇ ಬೇರೆ.

ಹಾಗಾದರೆ ಅಳುಕು ಎಲ್ಲೆಲ್ಲಿ ಹುಟ್ಟುತ್ತದೆ?

ಅಷ್ಟಾಗಿ ಯಾರೂ ಗಮನಿಸದ ಒಂದು ಜಾಗವನ್ನು ಮೊದಲು ಹೇಳುತ್ತೇನೆ: ಹೆಸರು ಹೊಂದಿಕೆಯಾಗದಿರುವುದು. ಇನ್‌ಸ್ಟಾಗ್ರಾಮಿನಲ್ಲಿ ಒಂದು ಹೆಸರು. ವೆಬ್‌ಸೈಟಿನ ವಿಳಾಸದಲ್ಲಿ ಅದರ ಅರ್ಧ. ಹಣ ಕಟ್ಟುವಾಗ ಪರದೆಯ ಮೇಲೆ ಮೂಡುವುದು ವ್ಯಾಪಾರ ನೋಂದಾಯಿಸಿದ ಮನೆಯವರ ಹೆಸರು. ಪಾರ್ಸೆಲ್ ಮೇಲೆ ಗೋದಾಮಿನ ಹೆಸರು. ನಮಗೆ ಇವೆಲ್ಲ ಒಂದೇ, ಯಾಕೆಂದರೆ ಎಲ್ಲವನ್ನೂ ನಾವೇ ಮಾಡಿದ್ದೇವೆ. ಮೊದಲ ಸಲ ಬಂದವರಿಗೆ ಇವು ನಾಲ್ಕು ಬೇರೆ ಬೇರೆ ಜನ. ಪೇಮೆಂಟ್ ಪುಟದಲ್ಲಿ ಕೇಳರಿಯದ ಹೆಸರು ಕಂಡರೆ ಎಚ್ಚರವಿರುವ ಗಿರಾಕಿ ಅಲ್ಲೇ ನಿಲ್ಲುತ್ತಾನೆ. ಮೋಸದ ಬಗ್ಗೆ ಬ್ಯಾಂಕುಗಳು ದಿನಬೆಳಗಾದರೆ ಎಚ್ಚರಿಸುತ್ತಿರುವಾಗ ಅವನು ನಿಲ್ಲಬೇಕಾದದ್ದೇ. ಇನ್ನು ಕೊಂಡವರಲ್ಲೂ ಕೆಲವರು ತಿಂಗಳ ಕೊನೆಗೆ ಕಾರ್ಡ್ ಸ್ಟೇಟ್‌ಮೆಂಟಿನಲ್ಲಿ ಗುರುತಿಲ್ಲದ ಹೆಸರು ನೋಡಿ, ಇದು ನಾನು ಮಾಡಿದ ಖರ್ಚಲ್ಲ ಅಂತ ಬ್ಯಾಂಕಿಗೆ ದೂರು ಕೊಡುತ್ತಾರೆ. ಹಣ ವಾಪಸ್ ಹೋಗುತ್ತದೆ, ಮೇಲೆ ದಂಡವೂ ಬೀಳಬಹುದು, ಚೀಲವೂ ಅವರ ಹತ್ತಿರವೇ ಇರುತ್ತದೆ. ಹೆಚ್ಚಿನ ಪೇಮೆಂಟ್ ಗೇಟ್‌ವೇಗಳ, ಅಂದರೆ ಆನ್‌ಲೈನ್ ಹಣ ಪಡೆದುಕೊಡುವ ಸೇವೆಗಳ, ಸೆಟ್ಟಿಂಗ್ಸ್‌ನಲ್ಲಿ ಗಿರಾಕಿಗೆ ಕಾಣಿಸುವ ಹೆಸರನ್ನು ಬದಲಿಸಲು ಜಾಗವಿರುತ್ತದೆ. ಖರ್ಚಿಲ್ಲದ ಕೆಲಸ. ಲೋಗೊ ಮಾಡಿಸುವುದಕ್ಕಿಂತ ಮೊದಲು ಇದನ್ನು ಮಾಡಿ.

ಇನ್ನೂ ಹೆಸರೇ ಇಟ್ಟಿಲ್ಲದವರು ಇಲ್ಲಿದ್ದರೆ ಒಂದೆರಡು ಮಾತು. ಫೋನಿನಲ್ಲಿ ಒಮ್ಮೆ ಹೇಳಿದರೆ ಕೇಳಿದವರು ತಪ್ಪಿಲ್ಲದೆ ಟೈಪ್ ಮಾಡುವಂತಿರಬೇಕು. ಒಂದೇ ಅಕ್ಷರವನ್ನು ಎರಡು ಸಲ ಹಾಕುವುದು, ನಡುವೆ ಅಂಕಿ ತುರುಕುವುದು ಇವೆಲ್ಲ ಬೇಡ. ಮಾರುವ ವಸ್ತುವಿನ ಹೆಸರನ್ನೇ ಇಡುವುದೂ ಬೇಡ, ಹುಡುಕಿದಾಗ ನೂರು ಜನರ ನಡುವೆ ಕಳೆದುಹೋಗುತ್ತೀರಿ. ಡೊಮೇನ್, ಅಂದರೆ ವೆಬ್‌ಸೈಟಿನ ವಿಳಾಸ, ಸಿಕ್ಕಿತು ಅಂದ ಮಾತ್ರಕ್ಕೆ ಹೆಸರು ನಿಮ್ಮದಾಯಿತು ಅಂತ ತಿಳಿಯಬೇಡಿ. ಟ್ರೇಡ್‌ಮಾರ್ಕ್ ಹಕ್ಕು ಬೇರೆಯೇ. ಅದರಲ್ಲಿ ಸರಕು ಮತ್ತು ಸೇವೆಗಳನ್ನು ಅಂತರರಾಷ್ಟ್ರೀಯವಾಗಿ 45 ವರ್ಗಗಳಾಗಿ ವಿಂಗಡಿಸಿದ್ದಾರೆ, ಮೊದಲ 34 ಸರಕುಗಳಿಗೆ, ಉಳಿದ 11 ಸೇವೆಗಳಿಗೆ. ನಿಮ್ಮ ವರ್ಗದಲ್ಲಿ ಅದೇ ಹೆಸರು ಅಥವಾ ಅದಕ್ಕೆ ಹತ್ತಿರದ ಹೆಸರು ಬೇರೆಯವರದಾಗಿದ್ದರೆ, ನಾಳೆ ಡೊಮೇನನ್ನೂ ಬಿಟ್ಟುಕೊಡಬೇಕಾಗಿ ಬರಬಹುದು; ಅಂಥ ವಿವಾದಗಳಿಗೆಂದೇ, ಡೊಮೇನ್ ಹೆಸರುಗಳ ಉಸ್ತುವಾರಿ ನೋಡುವ ಐಕ್ಯಾನ್ ಸಂಸ್ಥೆ 1999ರಲ್ಲಿ ಒಂದು ತೀರ್ಮಾನ ಪದ್ಧತಿ ತಂದಿದೆ. ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ, ಅಂದರೆ ವೈಪೊ, ನಡೆಸುವ ಗ್ಲೋಬಲ್ ಬ್ರ್ಯಾಂಡ್ ಡೇಟಾಬೇಸ್‌ನಲ್ಲಿ ಉಚಿತವಾಗಿ ಹುಡುಕಬಹುದು. ನಿಮ್ಮ ದೇಶದ ಟ್ರೇಡ್‌ಮಾರ್ಕ್ ಕಚೇರಿಯ ದಾಖಲೆಯನ್ನೂ ನೋಡಿ. ಬೋರ್ಡು, ಪೆಟ್ಟಿಗೆ, ಚೀಟಿ ಎಲ್ಲ ಅಚ್ಚಾದ ಮೇಲೆ ಹೆಸರು ಬದಲಿಸಬೇಕಾಗಿ ಬಂದರೆ ಕೈ ಸುಡುತ್ತದೆ.

ಇನ್ನು ಸರಕಿನ ಪುಟ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಹೆಸರು ಉಳಿಯುವುದೂ ಕೆಡುವುದೂ ಬಹುಮಟ್ಟಿಗೆ ಇಲ್ಲೇ.

ಅದೇ ಚರ್ಮದ ಚೀಲ. ಬಿಳಿ ಹಿನ್ನೆಲೆಯಲ್ಲಿ ಮುಂಭಾಗದ ಒಂದು ಚಿತ್ರ ಎಲ್ಲರೂ ಹಾಕುತ್ತಾರೆ. ಗಿರಾಕಿಗೆ ನೋಡಬೇಕಾದದ್ದು ಬೇರೆ ಇದೆ. ಚೀಲ ಬಾಯಿ ತೆರೆದಾಗ ಒಳಗೆ ಹೇಗಿದೆ? ಪಟ್ಟಿ ಚೀಲಕ್ಕೆ ಸೇರುವ ಮೂಲೆಯ ಹೊಲಿಗೆ ಹತ್ತಿರದಿಂದ ಹೇಗೆ ಕಾಣುತ್ತದೆ? ಭಾರವೆಲ್ಲ ಬೀಳುವುದು ಅಲ್ಲಿ, ಚೀಲ ಹರಿಯುವುದೂ ಅಲ್ಲೇ. ಅಂಚನ್ನು ಹೇಗೆ ಮುಗಿಸಿದ್ದಾರೆ? ಒಬ್ಬ ಮನುಷ್ಯ ಹೆಗಲಿಗೆ ಹಾಕಿಕೊಂಡರೆ ಎಲ್ಲಿಯ ತನಕ ಇಳಿಯುತ್ತದೆ? ಈ ಚಿತ್ರಗಳಿಗೆ ಸ್ಟುಡಿಯೊ ಬೇಡ. ಕಿಟಕಿ ಪಕ್ಕದ ಹಗಲು ಬೆಳಕು, ಒರೆಸಿದ ಮೊಬೈಲ್ ಲೆನ್ಸ್, ಅಲುಗದ ಕೈ ಸಾಕು. ಫಿಲ್ಟರ್ ಮಾತ್ರ ಬೇಡವೇ ಬೇಡ, ಬಣ್ಣ ಬದಲಾಗಿ ಕಂಡರೆ ರಿಟರ್ನ್ ಖಂಡಿತ.

ಚಿತ್ರದ ಕೆಳಗಿನ ಬರಹದಲ್ಲಿ ಸಾಮಾನ್ಯವಾಗಿ ಏನಿರುತ್ತದೆ? "ಅತ್ಯುತ್ತಮ ಗುಣಮಟ್ಟದ ಚರ್ಮದಿಂದ ಪ್ರೀತಿಯಿಂದ ತಯಾರಿಸಿದ ಆಕರ್ಷಕ ಚೀಲ." ಇಂಥ ವಾಕ್ಯಕ್ಕೆ ಒಂದು ಪರೀಕ್ಷೆ ಇದೆ. ನಿಮ್ಮ ಹೆಸರು ತೆಗೆದು ಪೈಪೋಟಿಯವರ ಹೆಸರು ಹಾಕಿ ಓದಿ. ವಾಕ್ಯ ಅವರಿಗೂ ಹಾಗೇ ಒಪ್ಪಿದರೆ ಅದನ್ನು ಅಳಿಸಿಬಿಡಿ, ಅದು ನಿಮ್ಮ ಬಗ್ಗೆ ಏನನ್ನೂ ಹೇಳುತ್ತಿಲ್ಲ. ಅದರ ಬದಲು ಹೀಗೆ ಬರೆದರೆ: "ಇದರಲ್ಲಿ 14 ಇಂಚಿನ ಲ್ಯಾಪ್‌ಟಾಪ್ ಸಲೀಸಾಗಿ ಕೂರುತ್ತದೆ, 16 ಇಂಚಿನದು ಕೂರುವುದಿಲ್ಲ. ತೊಗಟೆಯ ರಸದಲ್ಲಿ ಹದ ಮಾಡಿದ ಚರ್ಮ. ಬಿಸಿಲು ಬಿದ್ದಂತೆ, ಕೈಯಾಡಿದಂತೆ ಬಣ್ಣ ಗಾಢವಾಗುತ್ತದೆ. ಮಳೆಯಲ್ಲಿ ನೆನೆದರೆ ಕಲೆ ಉಳಿಯಬಹುದು. ಹೊಲಿಗೆ ಬಿಟ್ಟರೆ ಕಳಿಸಿ, ನಾವೇ ಹೊಲಿದು ಕೊಡುತ್ತೇವೆ." ಓದಿದವರಿಗೆ ಇದನ್ನು ಬರೆದವನು ಚೀಲ ಬಲ್ಲವನು ಅಂತ ಗೊತ್ತಾಗುತ್ತದೆ. ಆಗುವುದಿಲ್ಲ ಅನ್ನುವುದನ್ನು ಒಬ್ಬ ವ್ಯಾಪಾರಿ ತಾನಾಗಿಯೇ ಹೇಳಿದರೆ, ಆಗುತ್ತದೆ ಅನ್ನುವ ಅವನ ಮಾತಿಗೂ ತೂಕ ಬರುತ್ತದೆ. 16 ಇಂಚಿನ ಲ್ಯಾಪ್‌ಟಾಪ್ ಇರುವವರು ಹೋಗಲಿ ಬಿಡಿ. ಅವರು ಕೊಂಡಿದ್ದರೆ ಚೀಲ ವಾಪಸ್ ಬರುತ್ತಿತ್ತು, ಜೊತೆಗೆ ಒಂದು ಕೆಟ್ಟ ರಿವ್ಯೂ ಕೂಡ.

ಈಗ ಎಐ ಹತ್ತಿರ ಚಿತ್ರ ಮಾಡಿಸಿ ಹಾಕುವುದು ಸುಲಭವಾಗಿದೆ. ಹಬ್ಬದ ಶುಭಾಶಯಕ್ಕೋ ಅಲಂಕಾರಕ್ಕೋ ಬಳಸಿ, ನನ್ನ ಅಭ್ಯಂತರವಿಲ್ಲ. ಮಾರುವ ಸರಕಿನ ಚಿತ್ರವನ್ನು ಮಾತ್ರ ಹಾಗೆ ಮಾಡಿಸಬೇಡಿ. ಇಲ್ಲದ ಹೊಲಿಗೆಯನ್ನು ತೋರಿಸಿ ಇರುವ ಚೀಲವನ್ನು ಕಳಿಸುವುದು ವಂಚನೆ. ಮುಖ ಕಾಣದ ವ್ಯಾಪಾರದಲ್ಲಿ ನಂಬಿಕೆಗೆ ಇದಕ್ಕಿಂತ ದೊಡ್ಡ ಪೆಟ್ಟು ಇಲ್ಲ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ಸೈಟ್ ಬೇಗ ತೆರೆಯಬೇಕು ಅನ್ನುವುದು ನಿಮಗೆಲ್ಲ ಗೊತ್ತಿರುವುದೇ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಿಸಿಕೊಳ್ಳಬೇಕು ಅನ್ನುವುದು ಗೂಗಲ್ ಇಟ್ಟಿರುವ ಅಳತೆ. ಸಣ್ಣ ಅಂಗಡಿಗಳ ಸೈಟ್ ತಡವಾಗುವುದು ಬಹುಪಾಲು ಭಾರದ ಚಿತ್ರಗಳಿಂದ. ಚಿಕ್ಕದು ಮಾಡಿ ಏರಿಸಿ, ಮುಗಿಯಿತು.

ಈಗ ಲೋಗೊ ಮತ್ತು ಬಣ್ಣ. ಇವುಗಳ ಕೆಲಸ ಮೆಚ್ಚಿಸುವುದಲ್ಲ, ಗುರುತು ಸಿಗುವಂತೆ ಮಾಡುವುದು. ರಾಬರ್ಟ್ ಝಯಾನ್ಸ್ ಎಂಬ ಮನೋವಿಜ್ಞಾನಿ 1968ರಲ್ಲಿ ತೋರಿಸಿಕೊಟ್ಟ ಸಂಗತಿ ಒಂದಿದೆ: ಬರೀ ಮತ್ತೆ ಮತ್ತೆ ಕಣ್ಣಿಗೆ ಬೀಳುವುದರಿಂದಲೇ ಒಂದು ವಸ್ತುವಿನ ಮೇಲೆ ಒಲವು ಹುಟ್ಟುತ್ತದೆ. ಬ್ರ್ಯಾಂಡುಗಳ ಬೆಳವಣಿಗೆಯನ್ನು ಅಧ್ಯಯನ ಮಾಡುವ ಆಸ್ಟ್ರೇಲಿಯಾದ ಎರೆನ್‌ಬರ್ಗ್-ಬಾಸ್ ಸಂಸ್ಥೆಯವರೂ ಒತ್ತಿ ಹೇಳುವುದು ಇದನ್ನೇ. ಹೆಸರು ಓದುವ ಮೊದಲೇ ಇದು ಇವರದು ಅಂತ ಹೊಳೆಯುವಂಥ ಬಣ್ಣವೋ ಆಕಾರವೋ ಬೇಕು, ಅದನ್ನು ಬಿಡದೆ ವರ್ಷಗಟ್ಟಲೆ ಬಳಸಬೇಕು. ಬ್ರಿಟನ್ನಿನಲ್ಲಿ ಟ್ರೇಡ್‌ಮಾರ್ಕ್ ನೋಂದಣಿ ಶುರುವಾದಾಗ, 1876ರಲ್ಲಿ, ಮೊತ್ತಮೊದಲು ದಾಖಲಾದದ್ದು ಬಾಸ್ ಎಂಬ ಮದ್ಯ ತಯಾರಕರ ಕೆಂಪು ತ್ರಿಕೋನ. ಯಾರು ಬೇಕಾದರೂ ಬಿಡಿಸಬಹುದಾದ ಒಂದು ತ್ರಿಕೋನ! ಅದರ ಬಲ ಇದ್ದದ್ದು ಅದನ್ನು ಬದಲಿಸದೆ ಇಟ್ಟುಕೊಂಡದ್ದರಲ್ಲಿ.

ಸಣ್ಣ ವ್ಯಾಪಾರಸ್ಥರು ಎಡವುವುದು ಇಲ್ಲಿ. ನಮ್ಮ ಬಣ್ಣವನ್ನು ನಾವು ದಿನಕ್ಕೆ ಹತ್ತು ಸಲ ನೋಡುತ್ತೇವೆ, ಆರು ತಿಂಗಳಿಗೆ ಬೇಸರ ಬರುತ್ತದೆ, ಬದಲಿಸಿಬಿಡುತ್ತೇವೆ. ಗಿರಾಕಿ ಅದನ್ನು ಆಗಷ್ಟೇ ಗುರುತು ಹಿಡಿಯತೊಡಗಿರುತ್ತಾನೆ. ಎರಡು ಬಣ್ಣ ಆರಿಸಿಕೊಳ್ಳಿ, ಅವುಗಳ ಕೋಡ್ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ಎಲ್ಲೆಡೆ ಅದನ್ನೇ ಬಳಸಿ. ಲೋಗೊ ಮಾಡಿಕೊಟ್ಟವರಿಂದ ವೆಕ್ಟರ್ ಫೈಲ್ ಕೇಳಿ ತೆಗೆದುಕೊಳ್ಳಿ, ಅದಿದ್ದರೆ ಗುಂಡಿಯಷ್ಟು ಚಿಕ್ಕದಾಗಿಯೂ ಗೋಡೆಯಷ್ಟು ದೊಡ್ಡದಾಗಿಯೂ ಒಡೆಯದೆ ಅಚ್ಚಾಗುತ್ತದೆ. ಅಕ್ಷರಕ್ಕೂ ಹಿನ್ನೆಲೆಗೂ ನಡುವೆ ಹೊಳಪಿನಲ್ಲಿ ಕನಿಷ್ಠ 4.5ಕ್ಕೆ 1ರ ವ್ಯತ್ಯಾಸವಿರಲಿ. ವೆಬ್ ಪುಟಗಳು ಎಲ್ಲರಿಗೂ ಓದಲು ಬರಬೇಕು ಅಂತ ಮಾಡಿರುವ ಅಂತರರಾಷ್ಟ್ರೀಯ ಮಾರ್ಗಸೂಚಿ ಅದು. ತಿಳಿ ಬೂದು ಅಕ್ಷರ ನೋಡಲು ನಾಜೂಕಾಗಿರಬಹುದು, ವಯಸ್ಸಾದವರಿಗೆ ನಿಮ್ಮ ಬೆಲೆಯೇ ಕಾಣದಿದ್ದರೆ ಏನು ಬಂತು?

ಲೋಗೊ ಬಗ್ಗೆ ಇಷ್ಟು ಸಾಕು. ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವ ವಿಷಯ, ಕಷ್ಟಪಟ್ಟು ಗಳಿಸಿದ ಹೆಸರನ್ನು ನೀವು ಯಾರ ಜಾಗದಲ್ಲಿ ಇಟ್ಟಿದ್ದೀರಿ ಅನ್ನುವುದು.

ಒಂದು ಕಾಲಕ್ಕೆ ಜನ ಮುಗಿಬಿದ್ದಿದ್ದ ತಾಣಗಳನ್ನು ನೋಡಿ. ಜಿಯೊಸಿಟೀಸ್ 2009ರಲ್ಲಿ ಮುಚ್ಚಿತು. ಆರ್ಕುಟ್ 2014ರಲ್ಲಿ. ವೈನ್ 2017ರಲ್ಲಿ. ಗೂಗಲ್ ಪ್ಲಸ್ 2019ರಲ್ಲಿ. ಪ್ರತಿಯೊಂದರಲ್ಲೂ ಇದೇ ನಮ್ಮ ಅಂಗಡಿ ಅಂತ ನಂಬಿದವರಿದ್ದರು. ಮುಚ್ಚುವುದೇ ಬೇಕಿಲ್ಲ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್ ಮೂರೂ ಸುಮಾರು ಆರು ಗಂಟೆ ಒಟ್ಟಿಗೆ ಸ್ತಬ್ಧವಾದವು. ಆರ್ಡರ್ ಹಿಡಿಯುವುದು, ಗಿರಾಕಿಯ ಜೊತೆ ಮಾತಾಡುವುದು, ಜಾಹೀರಾತು ಎಲ್ಲವನ್ನೂ ಈ ಮೂರರಲ್ಲೇ ಇಟ್ಟುಕೊಂಡವರಿಗೆ ಆ ಹೊತ್ತು ವ್ಯಾಪಾರವೇ ಇರಲಿಲ್ಲ. ಇನ್ನು ಖಾತೆ ಹ್ಯಾಕ್ ಆಗುವುದು, ಯಾವುದೋ ನಿಯಮದ ಹೆಸರಲ್ಲಿ ಏಕಾಏಕಿ ಬ್ಲಾಕ್ ಆಗುವುದು, ಫಾಲೋವರ್ಸ್ ಎಷ್ಟೇ ಇದ್ದರೂ ಪೋಸ್ಟು ಕೆಲವರಿಗೆ ಮಾತ್ರ ಕಾಣಿಸುವುದು, ಇವು ನಿತ್ಯದ ಮಾತು.

ಸೋಷಿಯಲ್ ಮೀಡಿಯಾ ಬಿಡಿ ಅಂತ ನಾನು ಹೇಳುತ್ತಿಲ್ಲ. ಜನ ಇರುವುದು ಅಲ್ಲಿ, ನಾವೂ ಅಲ್ಲಿ ಇರಲೇಬೇಕು. ಆದರೆ ಅಲ್ಲಿ ಸಿಕ್ಕ ಗಿರಾಕಿಯನ್ನು ನಿಮ್ಮದೇ ಜಾಗಕ್ಕೆ ಕರೆತನ್ನಿ. ಆ ಜಾಗ ಅಂದರೆ ನಿಮ್ಮ ಹೆಸರಿನ ಡೊಮೇನ್, ಅದರ ಮೇಲೊಂದು ಸರಳ ಸೈಟ್, ಅದೇ ಡೊಮೇನಿನ ಇಮೇಲ್ ವಿಳಾಸ, ಮತ್ತು ಒಪ್ಪಿಗೆ ಕೊಟ್ಟ ಗಿರಾಕಿಗಳ ಇಮೇಲ್ ಅಥವಾ ಫೋನ್ ಪಟ್ಟಿ. ಆ ಪಟ್ಟಿಯ ಬೆಲೆ ಗೊತ್ತಾಗುವುದು ತಾಣವೊಂದು ಕೈಬಿಟ್ಟ ದಿನ. ಒಪ್ಪಿಗೆ ಅನ್ನುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ ದೊಡ್ಡ ಪ್ರಮಾಣದಲ್ಲಿ ಮೇಲ್ ಕಳಿಸುವವರಿಗೆ ನಿಯಮ ಬಿಗಿ ಮಾಡಿವೆ: ಕಳಿಸಿದವರು ಯಾರು ಅನ್ನುವುದು ಡೊಮೇನಿನ ಸೆಟ್ಟಿಂಗ್ಸ್‌ನಲ್ಲಿ ಸೇರಿಸುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ದಾಖಲೆಗಳ ಮೂಲಕ ದೃಢವಾಗಬೇಕು, ಒಂದೇ ಕ್ಲಿಕ್ಕಿನಲ್ಲಿ ಪಟ್ಟಿಯಿಂದ ಹೊರಹೋಗಲು ಅವಕಾಶವಿರಬೇಕು, ಸ್ಪ್ಯಾಮ್ ದೂರುಗಳು ಶೇ. 0.3ನ್ನು ಮುಟ್ಟಬಾರದು. ಜಿಮೇಲ್‌ನ ಲೆಕ್ಕದಲ್ಲಿ ದೊಡ್ಡ ಪ್ರಮಾಣವೆಂದರೆ ದಿನಕ್ಕೆ 5000ದಷ್ಟು ಮೇಲ್, ನಿಮ್ಮದು ಅಷ್ಟಿರಲಿಕ್ಕಿಲ್ಲ. ಆದರೂ ಆ ಮೂರು ದಾಖಲೆಗಳನ್ನು ಡೊಮೇನಿಗೆ ಸೇರಿಸಿಕೊಳ್ಳಿ, ನಿಮ್ಮ ಬಿಲ್ ಸ್ಪ್ಯಾಮ್ ಫೋಲ್ಡರಿಗೆ ಹೋಗಿ ಬೀಳುವುದು ತಪ್ಪುತ್ತದೆ. ನಿಮ್ಮ ಹೆಸರಲ್ಲಿ ಬೇರೆಯವರು ಮೋಸದ ಮೇಲ್ ಕಳಿಸುವುದೂ ಕಷ್ಟವಾಗುತ್ತದೆ.

ರಿವ್ಯೂ ವಿಷಯಕ್ಕೆ ಬರೋಣ. ರಿವ್ಯೂ ಬರೆಯಿರಿ ಅಂತ ಕೇಳುವುದರಲ್ಲಿ ನಾಚಿಕೆಯಿಲ್ಲ. ಸರಕು ತಲುಪಿ ಒಂದೆರಡು ವಾರ ಬಳಸಿದ ಮೇಲೆ ಕೇಳಿ, ಎಲ್ಲರನ್ನೂ ಕೇಳಿ. ಖುಷಿಯಾದವರನ್ನು ಮಾತ್ರ ಆರಿಸಿ ಕೇಳುವುದು ಸರಿಯಲ್ಲ. ದುಡ್ಡು ಕೊಟ್ಟು ಬರೆಸುವುದಂತೂ ಸಲ್ಲದು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಸುಳ್ಳು ರಿವ್ಯೂಗಳನ್ನು ನಿಷೇಧಿಸುವ ನಿಯಮವನ್ನು 2024ರ ಅಕ್ಟೋಬರ್‌ನಿಂದ ಜಾರಿಗೆ ತಂದಿದೆ, ಬೇರೆ ದೇಶಗಳೂ ಅದೇ ದಾರಿಯಲ್ಲಿವೆ. ಕಾನೂನು ಹಾಗಿರಲಿ, ಐದು ಸ್ಟಾರಿನ ಒಂದೇ ಥರದ ಹೊಗಳಿಕೆ ಸಾಲಾಗಿ ಕಂಡರೆ ಗಿರಾಕಿಗೆ ವಾಸನೆ ಬಡಿಯುತ್ತದೆ.

ಒಂದು ಸ್ಟಾರಿನ ರಿವ್ಯೂ ಬಂದಾಗ ಹೊಟ್ಟೆಯೊಳಗೆ ಬೆಂಕಿ ಬಿದ್ದಂತಾಗುವುದು ಸಹಜ. ನಮ್ಮ ಕೈಯ ಕೆಲಸವನ್ನು ಯಾರೋ ಬಯ್ದರೆ ಯಾರಿಗೆ ತಾನೆ ನೋವಾಗುವುದಿಲ್ಲ? ಆ ಬಿಸಿಯಲ್ಲಿ ಉತ್ತರ ಬರೆಯಬೇಡಿ. ಬರೆಯುವಾಗಲೂ ನೀವು ಬರೆಯುತ್ತಿರುವುದು ಬಯ್ದವರಿಗಷ್ಟೇ ಅಲ್ಲ, ಮುಂದೆ ಅದನ್ನು ಓದಲಿರುವ ಎಲ್ಲ ಗಿರಾಕಿಗಳಿಗೆ ಅನ್ನುವುದು ನೆನಪಿರಲಿ. "ಮೂರನೇ ವಾರಕ್ಕೇ ಪಟ್ಟಿಯ ಹೊಲಿಗೆ ಬಿಟ್ಟಿತು, ದಂಡ" ಅಂತ ಒಬ್ಬರು ಬರೆದರು ಅನ್ನಿ. "ನಿಮ್ಮ ಅನುಭವಕ್ಕೆ ವಿಷಾದಿಸುತ್ತೇವೆ, ದಯವಿಟ್ಟು ನಮ್ಮನ್ನು ಸಂಪರ್ಕಿಸಿ" ಅನ್ನುವ ಸಿದ್ಧ ಉತ್ತರದಿಂದ ಯಾರಿಗೂ ಏನೂ ಸಿಗುವುದಿಲ್ಲ. "ಪಟ್ಟಿಯ ಹೊಲಿಗೆ ಮೂರು ವಾರಕ್ಕೆ ಬಿಡಬಾರದು, ತಪ್ಪು ನಮ್ಮದು. ಇವತ್ತೇ ನಮ್ಮ ಖರ್ಚಿನಲ್ಲಿ ವಾಪಸ್ ತರಿಸಿಕೊಳ್ಳುತ್ತೇವೆ. ಆ ಮೂಲೆಗೆ ಇನ್ನು ಮುಂದೆ ಎರಡು ಸಾಲು ಹೊಲಿಗೆ ಹಾಕುತ್ತಿದ್ದೇವೆ" ಅಂತ ಬರೆದು, ಹಾಗೇ ನಡೆದುಕೊಂಡರೆ, ಓದುವವರ ದೊಡ್ಡ ಪ್ರಶ್ನೆಗೆ ಉತ್ತರ ಸಿಕ್ಕಿತು: ಕೆಟ್ಟರೆ ಇವರು ಏನು ಮಾಡುತ್ತಾರೆ ಅನ್ನುವುದು ಕಣ್ಣೆದುರಿಗೇ ಇದೆ.

ಇನ್ನೊಂದು ಮಾತು ಹೇಳಿ ಪ್ರಶ್ನೆಗಳಿಗೆ ಬರುತ್ತೇನೆ. ಒಮ್ಮೆ ಕೊಂಡವರು ಮತ್ತೆ ಬರುತ್ತಿಲ್ಲ ಅಂತ ಬಹಳ ಜನ ಕೊರಗುತ್ತಾರೆ. ವಿಲಿಯಂ ಮೆಕ್‌ಫೀ ಎಂಬ ಸಮಾಜಶಾಸ್ತ್ರಜ್ಞರು 1963ರಲ್ಲೇ ಗುರುತಿಸಿದ ಒಂದು ನಿಯಮವಿದೆ, ಆಮೇಲೆ ನಾನಾ ಬಗೆಯ ಸರಕುಗಳಲ್ಲಿ ಅದು ಮತ್ತೆ ಮತ್ತೆ ಕಂಡುಬಂದಿದೆ. ಸಣ್ಣ ಬ್ರ್ಯಾಂಡಿಗೆ ಕೊಳ್ಳುವವರೂ ಕಡಿಮೆ, ಆ ಕಡಿಮೆ ಜನರೂ ದೊಡ್ಡ ಬ್ರ್ಯಾಂಡಿನವರಿಗಿಂತ ತುಸು ಕಡಿಮೆ ಸಲ ಕೊಳ್ಳುತ್ತಾರೆ. ಗಿರಾಕಿ ಮರಳಿ ಬರುವ ಪ್ರಮಾಣ ಕಡಿಮೆ ಇದ್ದರೆ ಅದು ನಿಮ್ಮ ಕೆಲಸ ಕೆಟ್ಟದ್ದು ಅನ್ನುವುದಕ್ಕೆ ಸಾಕ್ಷಿಯಾಗಲೇಬೇಕಿಲ್ಲ, ಚಿಕ್ಕದಾಗಿರುವುದರ ಲಕ್ಷಣವೂ ಆಗಿರಬಹುದು. ಹಳಬರನ್ನು ಚೆನ್ನಾಗಿ ನೋಡಿಕೊಳ್ಳಿ. ಆದರೆ ಡಿಸ್ಕೌಂಟ್ ಮೇಲೆ ಡಿಸ್ಕೌಂಟ್ ಕೊಟ್ಟು ಅವರನ್ನೇ ಹಿಡಿದೆಳೆಯುತ್ತಾ ಕೂರಬೇಡಿ. ನಿಮ್ಮ ಹೆಸರನ್ನೇ ಕೇಳದವರು ಲೆಕ್ಕವಿಲ್ಲದಷ್ಟು ಜನ ಇದ್ದಾರೆ, ಬೆಳವಣಿಗೆ ಹೆಚ್ಚಾಗಿ ಬರುವುದು ಅವರಿಂದ.

ಸಭೆಯಲ್ಲಿ ಬಂದ ಪ್ರಶ್ನೆಗಳು:

ದಿನಾ ಪೋಸ್ಟ್ ಹಾಕಲೇಬೇಕಾ?

ಬೇಡಮ್ಮ. ವಾರಕ್ಕೊಂದು ಹಾಕಿ, ತಪ್ಪಿಸದೆ ಹಾಕಿ. ಒಂದು ತಿಂಗಳು ದಿನಾ ಹಾಕಿ ಆಮೇಲೆ ಒಂದು ವರ್ಷ ಮೌನವಾದರೆ ಅಂಗಡಿ ಮುಚ್ಚಿರಬೇಕು ಅಂದುಕೊಳ್ಳುತ್ತಾರೆ. ಏನು ಹಾಕುವುದು ಅಂತ ಹೊಳೆಯದಿದ್ದರೆ ಗಿರಾಕಿಗಳು ಕೇಳಿದ ಪ್ರಶ್ನೆಗಳನ್ನು ತೆಗೆದು ನೋಡಿ. ಒಬ್ಬರು ಕೇಳಿದ್ದನ್ನು ಹತ್ತು ಜನ ಕೇಳದೆ ಸುಮ್ಮನಿದ್ದಿರುತ್ತಾರೆ.

ನಾವೇ ಮುಖ ತೋರಿಸಿ ವಿಡಿಯೊ ಮಾಡಬೇಕಾ? ನನಗೆ ಅದು ಒಗ್ಗುವುದಿಲ್ಲ.

ಮುಖ ತೋರಿಸಿದರೆ ನಂಬಿಕೆ ಬೇಗ ಬೆಳೆಯುತ್ತದೆ, ನಿಜ. ಆದರೆ ಬಲವಂತದಿಂದ ಮಾಡಿದ್ದು ನೋಡುವವರಿಗೂ ಕಸಿವಿಸಿ. ಕೈ ತೋರಿಸಿ ಸಾಕು. ಚರ್ಮ ಕತ್ತರಿಸುವ, ಹೊಲಿಗೆ ಹಾಕುವ ಕೈ ಕಂಡರೆ ಇದನ್ನು ಮಾಡುವವರು ಒಬ್ಬರಿದ್ದಾರೆ ಅಂತ ಗೊತ್ತಾಗುತ್ತದೆ. ಆದರೆ ನಿಮ್ಮ ಹೆಸರನ್ನು ತಪ್ಪದೆ ಬರೆಯಿರಿ. ಫೋನ್ ಮಾಡಿದರೆ ಯಾರು ಎತ್ತುತ್ತಾರೆ ಅನ್ನುವುದು ತಿಳಿದಿರಲಿ.

ದೊಡ್ಡ ಮಾರ್ಕೆಟ್‌ಪ್ಲೇಸ್‌ಗಳಲ್ಲಿ ಮಾರುವುದರಿಂದ ನಮ್ಮ ಹೆಸರು ಬೆಳೆಯುತ್ತದಾ?

ಮಾಲು ಓಡುತ್ತದೆ, ಹೆಸರು ಅಷ್ಟಾಗಿ ಬೆಳೆಯುವುದಿಲ್ಲ. ಕೊಂಡವರು ಆ ತಾಣದಲ್ಲಿ ತಗೊಂಡೆ ಅನ್ನುತ್ತಾರೆ, ನಿಮ್ಮಿಂದ ತಗೊಂಡೆ ಅನ್ನುವುದಿಲ್ಲ. ಅವರ ಗಿರಾಕಿಯನ್ನು ನಿಮ್ಮ ಸೈಟಿಗೆ ಎಳೆದುಕೊಳ್ಳುವುದು ಎಷ್ಟೋ ತಾಣಗಳಲ್ಲಿ ನಿಯಮಕ್ಕೆ ವಿರುದ್ಧ, ಅದನ್ನು ಓದಿಕೊಂಡು ಹೆಜ್ಜೆ ಇಡಿ. ಸರಕಿನ ಮೇಲೆ ನಿಮ್ಮ ಗುರುತು ಇರುವುದಕ್ಕೆ ಮಾತ್ರ ಯಾರ ಅಡ್ಡಿಯೂ ಇಲ್ಲ. ಬೋಣಿಗೆ ಅಲ್ಲಿ ಮಾರಿ, ಜೊತೆಗೇ ನಿಮ್ಮ ಸೈಟನ್ನೂ ಕಟ್ಟುತ್ತಾ ಬನ್ನಿ.

ಸೈಟ್ ಮಾಡಿಕೊಟ್ಟವರ ಹೆಸರಲ್ಲೇ ನಮ್ಮ ಡೊಮೇನ್ ಇದೆ. ಏನು ಮಾಡುವುದು?

ಇವತ್ತೇ ಮಾತಾಡಿ, ಸಂಬಂಧ ಚೆನ್ನಾಗಿರುವಾಗಲೇ. ಡೊಮೇನ್ ಕೊಡುವ ಕಂಪನಿಯಲ್ಲಿ ನಿಮ್ಮದೇ ಹೆಸರಲ್ಲಿ, ನಿಮ್ಮದೇ ಇಮೇಲಿನಲ್ಲಿ ಒಂದು ಖಾತೆ ತೆರೆಯಿರಿ. ಅವರೂ ಅದೇ ಕಂಪನಿಯಲ್ಲಿದ್ದರೆ ನಿಮ್ಮ ಖಾತೆಗೆ ವರ್ಗಾಯಿಸುವುದು ಸಲೀಸು. ಬೇರೆ ಕಂಪನಿಯಲ್ಲಿದ್ದರೆ ಅವರಿಂದ ವರ್ಗಾವಣೆಯ ಕೋಡ್ ಕೇಳಿ ಪಡೆಯಿರಿ. ಡೊಮೇನ್ ಈಗಷ್ಟೇ ನೋಂದಾಯಿಸಿದ್ದರೆ ಅಥವಾ ಮಾಲೀಕರ ವಿವರ ಈಗಷ್ಟೇ ಬದಲಾಗಿದ್ದರೆ 60 ದಿನ ಕಾಯಬೇಕಾಗಬಹುದು, ಹಾಗಾಗಿ ಯಾವುದು ಮೊದಲು ಅಂತ ಕಂಪನಿಯವರನ್ನು ಕೇಳಿಕೊಂಡು ಶುರು ಮಾಡಿ. ಬಂದ ಮೇಲೆ ಎರಡು ಹಂತದ ಲಾಗಿನ್ ಹಾಕಿ, ತಾನಾಗಿ ನವೀಕರಣವಾಗುವಂತೆ ಮಾಡಿ. ಅವಧಿ ಮುಗಿಯುವ ಸುಮಾರು ಒಂದು ತಿಂಗಳ ಮೊದಲೂ ಒಂದು ವಾರದ ಮೊದಲೂ ನೆನಪಿನ ಮೇಲ್ ಕಳಿಸಬೇಕು ಅಂತ ಡಾಟ್ ಕಾಮ್‌ನಂಥ ಡೊಮೇನ್‌ಗಳನ್ನು ಮಾರುವ ಕಂಪನಿಗಳಿಗೆ ಐಕ್ಯಾನ್ ನಿಯಮವಿದೆ. ಆ ಮೇಲ್ ಈಗ ಯಾರ ವಿಳಾಸಕ್ಕೆ ಹೋಗುತ್ತಿದೆ ಅನ್ನುವುದನ್ನು ಮೊದಲು ನೋಡಿ.